ಕೈಲಾಸದ ಪರದೆ ಮತ್ತು ಅಮೆರಿಕದ ಕಾಡುಕೋಣ

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಎದುರಿಗೆ ಒಂದು ಫೋಟೋ ಸ್ಟುಡಿಯೋ ಇದೆ. ಅದನ್ನು ನಡೆಸುವ ಇಬ್ಬರು ಯುವಕರು ಬಹಳ ಚುರುಕು. ಹಳ್ಳಿಯಿಂದ ಬಂದ ಗಂಡು ಹೆಣ್ಣನ್ನು ಬರೀ ಗೋಡೆಯ ಮುಂದೆ ನಿಲ್ಲಿಸುತ್ತಾರೆ, ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಾರೆ, ಅವರು ಸ್ವಿಟ್ಜರ್ಲೆಂಡಿಗೆ ಹೋಗಿಬಿಡುತ್ತಾರೆ. ಇನ್ನೊಂದು ಒತ್ತಿದರೆ ತಾಜಮಹಲು. ಮೊನ್ನೆ ಅವರಲ್ಲೊಬ್ಬ, ನಾನು ಇದೇ ಕಸುಬಿನಲ್ಲಿ ತಲೆ ನರೆಸಿಕೊಂಡವನೆಂದು ಯಾರಿಂದಲೋ ತಿಳಿದು, ನಿಮ್ಮ ಕಾಲದಲ್ಲಿ ಹಿನ್ನೆಲೆ ಬದಲಾಯಿಸುವುದು ಹೇಗಿತ್ತು ಎಂದು ಕೇಳಿದ. ಸುತ್ತಿಗೆ ಮತ್ತು ಮೊಳೆಯಿಂದ ಎಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಓದಲಿ. ನಮ್ಮ ಕಾಲದಲ್ಲಿ ಕಲೆ ಇತ್ತು, ಶ್ರದ್ಧೆ ಇತ್ತು, ನಿಮ್ಮಲ್ಲಿ ಏನೂ ಇಲ್ಲ ಎನ್ನುವ ಮುದುಕರ ಮಾತಿಗೆ ಕಿವಿಗೊಡಬೇಡಿ. ನಮ್ಮ ಕಾಲದಲ್ಲಿ ಇದ್ದದ್ದು ಒಂದು ಪರದೆ. ಕಲೆ, ಶ್ರದ್ಧೆ, ಮೋಸ ಎಲ್ಲವನ್ನೂ ಅದರ ಮೇಲೆಯೇ ಬಳಿದಿದ್ದೆವು.

ನಾನು ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯ ಒಂದು ಸ್ಟುಡಿಯೋಕ್ಕೆ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ಅದಕ್ಕೆ ಮೊದಲು ನಾಟಕ ಕಂಪನಿಯೊಂದರಲ್ಲಿ ಪರದೆ ಬರೆಯುತ್ತಿದ್ದೆ. ಕಂಪನಿ ಹರಿಹರದಲ್ಲಿ ಕ್ಯಾಂಪ್ ಹಾಕಿದ್ದಾಗ ಹೊಳೆಗೆ ನೀರು ಬಂದು, ಅರಮನೆ, ಬೀದಿ, ಉದ್ಯಾನವನ ಮೂರೂ ಪರದೆಗಳು ತೇಲಿಹೋದವು. ಅರಮನೆ ಇಲ್ಲದ ಮೇಲೆ ರಾಜನಿಗೇನು ಕೆಲಸ, ನನಗೇನು ಕೆಲಸ. ಮೂಟೆ ಕಟ್ಟಿ ದಾವಣಗೆರೆಗೆ ಬಂದೆ. ಸ್ಟುಡಿಯೋ ಮಾಲೀಕ ಸಂಗಪ್ಪನವರು ನನ್ನನ್ನು ಟಚಿಂಗ್ ಕೆಲಸಕ್ಕೆ ಇಟ್ಟುಕೊಂಡರು. ಟಚಿಂಗ್ ಎಂದರೆ ಗಾಜಿನ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತೀಡಿ, ದೇವರು ಮುಖಕ್ಕೆ ಕೊಟ್ಟ ಸಿಡುಬಿನ ಕಲೆ, ಸುಕ್ಕುಗಳನ್ನು ವಾಪಸು ತೆಗೆದುಕೊಳ್ಳುವುದು. ದೇವರು ಎಂದೂ ತಕರಾರು ಮಾಡಲಿಲ್ಲ. ತಕರಾರು ಮಾಡುತ್ತಿದ್ದವರು ಕಲೆ ಕಳಕೊಂಡವರ ಹೆಂಡಂದಿರು. ಇದು ನಮ್ಮ ಯಜಮಾನರಲ್ಲ ಎನ್ನುತ್ತಿದ್ದರು.

ಸಂಗಪ್ಪನವರು ದೊಡ್ಡ ಮನುಷ್ಯರು, ಅದರಲ್ಲಿ ಅನುಮಾನವಿಲ್ಲ. ಅವರೇ ದಿನಕ್ಕೆ ನಾಲ್ಕಾರು ಸಲ ಹೇಳುತ್ತಿದ್ದರು. ಸ್ಟುಡಿಯೋದ ಚಾವಣಿಯ ಅರ್ಧಕ್ಕೆ ಗಾಜು ಹಾಕಿಸಿದ್ದರು. ಬಿಸಿಲು ಬಂದರೆ ಫೋಟೋ, ಮೋಡ ಬಂದರೆ ಚಹಾ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ಮರದ ಕ್ಯಾಮೆರಾ. ಅವರು ಕರಿಬಟ್ಟೆಯೊಳಗೆ ತಲೆ ಹಾಕಿ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಒಳಗೆ ಗಾಜಿನ ಮೇಲೆ ಬಿಂಬ ತಲೆಕೆಳಗಾಗಿ ಕಾಣುತ್ತದೆ. ಅದನ್ನು ನೋಡಿ ನೋಡಿ ಅವರಿಗೆ ಲೋಕವೇ ಹಾಗೆ ಕಾಣುತ್ತಿತ್ತೆಂದು ಈಗ ಅನ್ನಿಸುತ್ತದೆ. ಹೊರಗೆ ಬಂದವರೇ "ಕದಲಬ್ಯಾಡ್ರಿ" ಎಂದು ಗುಡುಗುವರು. ಕೂತವರು ಉಸಿರು ಬಿಗಿಹಿಡಿದು ಕಣ್ಣು ಕಿಸಿಯುವರು. ಆ ಕಾಲದ ನಮ್ಮ ಜನರೆಲ್ಲ ಫೋಟೋದಲ್ಲಿ ಯಾಕೆ ಸಿಟ್ಟಾಗಿದ್ದಾರೆ ಎಂದು ಕೇಳುವವರಿಗೆ ಇದೇ ಉತ್ತರ.

ಇನ್ನು ಪರದೆಯ ಕಥೆ. ಗಿರಣಿಯೊಂದಕ್ಕೆ ಮಷೀನು ಕೂಡಿಸಿಕೊಡಲು ಅಮೆರಿಕದ ಎಂಜಿನಿಯರ್ ಒಬ್ಬ ಬಂದಿದ್ದ. ಕೆಂಪಗೆ, ಎತ್ತರಕ್ಕೆ ಇದ್ದು, ನಮ್ಮ ಸ್ಟುಡಿಯೋ ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಒಂದು ಸಲವೂ ಒಳಗೆ ಬಂದವನಲ್ಲ. ಅವನ ಫೋಟೋ ಕೆಲಸವೆಲ್ಲ ಸಂಗಪ್ಪನವರೇ ಮಾಡಿಕೊಟ್ಟರು. ಅವನ ಕೋಣೆಯಲ್ಲಿದ್ದ ಟೇಬಲ್ ಫ್ಯಾನಿನ ಮೇಲೆ ಅವರ ಕಣ್ಣಿತ್ತು. ಊರು ಬಿಡುವಾಗ ಅವನು ಬಹಳ ಪ್ರೀತಿಯಿಂದ ಕೊಟ್ಟದ್ದು ಒಂದು ಪುಸ್ತಕ. ಅದನ್ನು ಎತ್ತಲು ಎರಡು ಕೈ ಬೇಕಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ.

ಅದರ ತುಂಬ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಚಿತ್ರಗಾರರು ಬರೆದ ಕಾಡು, ಬೆಟ್ಟ, ಸರೋವರಗಳ ಚಿತ್ರ. ನಾನು ನಾಟಕದ ಪರದೆ ಬರೆದವನು. ಕಾಡು ಎಂದರೆ ನಾಲ್ಕು ಮರ, ಒಂದು ಋಷ್ಯಾಶ್ರಮ, ಒಂದು ಜಿಂಕೆ. ಈ ಪುಣ್ಯಾತ್ಮರು ಒಂದು ಹಾಳೆಯಲ್ಲಿ ಹರಿಹರದಿಂದ ಭಾನುವಳ್ಳಿಯವರೆಗಿನ ಜಾಗ ಹಿಡಿಸುವಷ್ಟು ಬೆಟ್ಟ ಬರೆದಿದ್ದರು. ನೆತ್ತಿಯಲ್ಲಿ ಹಿಮ. ಮೋಡದ ತೂತಿನಿಂದ ಬೆಳಕು ಹಂಡೆಯಿಂದ ನೀರು ಸುರಿದಂತೆ ಸುರಿಯುತ್ತಿತ್ತು. ಕೆಳಗೆ ನೀರಿನ ಅಂಚಿನಲ್ಲಿ ಪ್ರಾಣಿಗಳು: ಮರದ ಕೊಂಬೆಯಷ್ಟು ಕೊಂಬಿನ ಕಡವೆ, ಕರಡಿ, ಮತ್ತೆ ಭುಜದ ಮೇಲೆ ದೊಡ್ಡ ಡುಬ್ಬ ಇರುವ, ಎದೆಯ ತುಂಬ ಜಟೆಯಂಥ ಕೂದಲಿನ ಕಾಡುಕೋಣ. ಎಲ್ಲವೂ ಸ್ತಬ್ಧ. ಸಂಗಪ್ಪನವರೇ ಹೋಗಿ ಕದಲಬ್ಯಾಡ್ರಿ ಎಂದು ಗದರಿಸಿ ಬಂದಂತೆ ನಿಂತಿದ್ದವು. ಹುಡುಕಿದರೂ ಮನುಷ್ಯನ ಸುಳಿವಿರಲಿಲ್ಲ.

ಅದರಲ್ಲಿ ಬರೆದದ್ದನ್ನು ಓದಿ ಹೇಳಿದವರು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ನರಸಿಂಹಮೂರ್ತಿಗಳು. ಮೈಸೂರು ಕಡೆಯವರು, ಮೃದು ಮಾತು, ಒಂದು ಪ್ರಶ್ನೆ ಕೇಳಿದರೆ ಮೂರಕ್ಕೆ ಉತ್ತರ ಕೊಡುವವರು. ಆ ಚಿತ್ರಗಾರರು ಕಾಡಿಗೆ ಹೋಗಿ ಗೀಚಿಕೊಂಡು ಬರುತ್ತಿದ್ದರಂತೆ. ಆಮೇಲೆ ಊರಿನ ಕೋಣೆಯಲ್ಲಿ ಕೂತು ಅಲ್ಲಿಯ ಬೆಟ್ಟ, ಇಲ್ಲಿಯ ಕೆರೆ ಕೂಡಿಸಿ, ಕೊನೆಗೆ ಬೇಕಾದಲ್ಲಿ ಪ್ರಾಣಿ ನಿಲ್ಲಿಸುತ್ತಿದ್ದರಂತೆ. ಪ್ರಾಣಿ ಸಣ್ಣದಾಗಿ ಕಂಡರೆ ಬೆಟ್ಟ ದೊಡ್ಡದಾಗಿ ಕಾಣುತ್ತದೆ, ಅದಕ್ಕೆ. ಕೆಲವರು ಚಿತ್ರದ ಎರಡು ಕಡೆ ನಾಟಕದ ಹಾಗೆ ಪರದೆ ಇಳಿಬಿಟ್ಟು, ಟಿಕೆಟ್ ಇಟ್ಟು ತೋರಿಸುತ್ತಿದ್ದರಂತೆ. ನನಗೆ ಬಹಳ ಸಮಾಧಾನವಾಯಿತು. ಸಮುದ್ರದಾಚೆಗೂ ನಮ್ಮವರೇ ಇದ್ದರು.

ಮನುಷ್ಯರು ಯಾಕಿಲ್ಲ ಎಂದು ಕೇಳಿದೆ. ಇದು ಮನುಷ್ಯನ ಕಾಲು ಸೋಕದ ಜಾಗ ಎಂದು ನೋಡಿದವರಿಗೆ ಅನ್ನಿಸಬೇಕು, ಪ್ರಾಣಿ ಇದ್ದರೆ ಹಾಗೆ ಅನ್ನಿಸುತ್ತದೆ ಎಂದರು ಮೇಷ್ಟ್ರು. ಸಂಗಪ್ಪನವರು ನನ್ನ ಕಡೆ ತಿರುಗಿ, "ಮನುಷ್ಯಾರನ್ನ ನಾವು ಕೂಡ್ರಿಸೋಣ. ಇದನ್ನ ಪರದಿ ಮ್ಯಾಲೆ ಹೊಡಿ" ಎಂದರು. ಹೀಗೆ, ಮನುಷ್ಯರೇ ಇಲ್ಲವೆಂದು ತೋರಿಸಲು ಬರೆದ ಚಿತ್ರದ ಮುಂದೆ ನಾವು ಎರಡು ತಾಲೂಕಿನ ಜನರನ್ನು ಕೂಡಿಸಲು ಹೊರಟೆವು.

ಗಿರಣಿಯ ಕೋರಾ ಬಟ್ಟೆ ಹೊಲಿಸಿ, ಸರೇಸಿನ ಅಂಟು ಕುದಿಸಿ, ಸೀಮೆಸುಣ್ಣದ ಪುಡಿ ಕಲಸಿ, ನೆಲದ ಮೇಲೆ ಹಾಸಿ ಬರೆದೆ. ಪುಸ್ತಕದಲ್ಲಿ ಆಕಾಶ ಕಿತ್ತಳೆ ಬಣ್ಣದ್ದು. ಫೋಟೋ ಕಪ್ಪು ಬಿಳುಪಿನದು, ಕಿತ್ತಳೆ ಯಾಕೆ ದಂಡ ಎಂದು ಮಾಲೀಕರು ಕಪ್ಪು, ಬಿಳಿ, ಬೂದಿ ಮೂರೇ ಬಣ್ಣ ತಂದುಕೊಟ್ಟರು. ಅಮೆರಿಕದ ಸೂರ್ಯಾಸ್ತ ವಿಭೂತಿ ಬಳಿದಂತೆ ಬೆಳ್ಳಗಾಯಿತು. ನಡುವೆ ಕೂರುವವರಿಗೆ ಜಾಗ ಬಿಟ್ಟು, ಎಡಕ್ಕೆ ಕಡವೆ, ಬಲಕ್ಕೆ ಕಾಡುಕೋಣ ನಿಲ್ಲಿಸಿದೆ. ಕೋಣದ ಹಿಂದೆ ಕರಡಿಯನ್ನೂ ಬರೆದಿದ್ದೆ. ಮಕ್ಕಳು ಹೆದರಿ ಉಚ್ಚೆ ಹೊಯ್ದುಕೊಳ್ಳುತ್ತವೆ ಎಂದು ಮಾಲೀಕರು ಅದರ ಮೇಲೆ ಪೊದೆ ಬರೆಸಿದರು. ಬಣ್ಣ ಒಣಗಿದ ಮೇಲೆ ಪೊದೆಗೆ ಎರಡು ಕಿವಿ ಉಳಿದವು. ಗಿರಾಕಿ ಹಿಂದೆ ತಿರುಗಿ ನೋಡುವುದಿಲ್ಲ ಎಂಬುದು ಸಂಗಪ್ಪನವರ ವ್ಯಾಪಾರದ ಸೂತ್ರ. ಪೊದೆಯ ಕಿವಿಗಳು ಹಾಗೇ ಇದ್ದವು.

ಮೊದಲ ಬಲಿ ಮಾಯಕೊಂಡದ ಗೌಡರೊಬ್ಬರು. ಜರಿ ರುಮಾಲು ಸುತ್ತಿ, ಕೋಟು ಹಾಕಿ, ಕುರ್ಚಿಯನ್ನು ತುಸು ಎಡಕ್ಕೆ ಎಳೆದುಕೊಂಡು ಕೂತರು. ಸಂಗಪ್ಪನವರು ಕರಿಬಟ್ಟೆಯೊಳಗೆ ತಲೆಕೆಳಗಾದ ಗೌಡರನ್ನು ಬಹಳ ಹೊತ್ತು ಪರೀಕ್ಷಿಸಿದರು. ಕೊಂಬು ತಲೆಯ ಮೇಲೆ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ತಲೆಯಿಂದ ಕೆಳಕ್ಕೆ ಇಳಿಬಿದ್ದಿದ್ದರೆ ಯಾವುದೋ ಬೇರು ಎನ್ನಿಸುತ್ತದೆ. ಕಾಪಿ ತೆಗೆದಾಗ ರುಮಾಲಿನ ಎರಡು ಕಡೆಯಿಂದ ಕಡವೆಯ ಕೊಂಬು ಕವಲೊಡೆದು ಮೇಲೆದ್ದಿದ್ದವು. ಗೌಡರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕಿರೀಟ ಚೆನ್ನಾಗಿದೆ, ಆದರೆ ಇದಕ್ಕೆ ಬೇರೆ ಚಾರ್ಜ್ ಹಾಕಬೇಡಿ ಎಂದರು. ಇಂಥ ಗಿರಾಕಿಗಳಿಂದಲೇ ನಮ್ಮ ಕಸುಬು ಉಳಿದದ್ದು.

ಪರದೆಯ ಭಾಗ್ಯ ತಿರುಗಿದ್ದು ಅರಳೆ ಮಂಡಿಯ ಸಿದ್ದರಾಮಪ್ಪನವರು ತೀರಿಕೊಂಡ ದಿನ. ನಮ್ಮ ಕಡೆ ಲಿಂಗವಂತರ ಮನೆಗಳಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಹಾರ ಹಾಕಿ ಕೂಡಿಸುತ್ತಾರೆ. ಮನೆಯವರೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜನರಿಗೆ ಅದೇ ಜೀವಮಾನದ ಮೊದಲ ಫೋಟೋ. ನಮಗೆ ಜಟಕಾ ಕಳಿಸಿದರು. ಅವರನ್ನು ಕೂಡಿಸಿದ್ದ ಪಡಸಾಲೆಯ ಗೋಡೆಯಲ್ಲಿ ಸುಣ್ಣ ಕಿತ್ತು ಹಕ್ಕಳೆ ಎದ್ದಿತ್ತು. ಸಂಗಪ್ಪನವರು ನನ್ನನ್ನು ಓಡಿಸಿ ಪರದೆ ತರಿಸಿ ಕಟ್ಟಿಸಿದರು. ಫೋಟೋ ಚೆನ್ನಾಗಿ ಬಂತು. ಬಾರದೆ ಏನು, ಕದಲದೆ ಕೂತ ಗಿರಾಕಿ ಅವರೊಬ್ಬರೇ.

ಕಾಪಿ ಕೊಡಲು ನಾನೇ ಹೋದೆ. ಸಿದ್ದರಾಮಪ್ಪನವರ ಹೆಂಡತಿ ಗೌರಮ್ಮಜ್ಜಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ಪೊದೆಯ ಕಿವಿ ಕಂಡಿತೇನೋ ಎಂದು ನಾನು ಬಾಗಿಲ ಕಡೆ ಸರಿದೆ. ಅಜ್ಜಿ ಬೆರಳಿನಿಂದ ಹಿಮದ ಬೆಟ್ಟ ಸವರಿದರು. ಆಮೇಲೆ ಕಾಡುಕೋಣದ ಡುಬ್ಬ ಸವರಿದರು. ಕಣ್ಣಲ್ಲಿ ನೀರು ಇಳಿಯಿತು.

"ಕೈಲಾಸ ಮುಟ್ಟ್ಯಾರೆ. ಬಸವಣ್ಣ ಬಾಗಿಲಿಗೆ ಬಂದು ನಿಂತಾನೆ ನೋಡು," ಎಂದರು.

ಅಲ್ಲ ಅಜ್ಜಿ, ಅದು ಅಮೆರಿಕ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ. ಅಲ್ಲಿಯವರೆಗೆ ಆ ಮನೆಯಲ್ಲಿ ಉಸಿರು ಕಟ್ಟಿದಂತೆ ಇತ್ತು. ಆಮೇಲೆ ಒಳಗಿನಿಂದ ಯಾರೋ ನನಗೆ ಚಹಾ ತಂದುಕೊಟ್ಟರು.

ಸುದ್ದಿ ವಾರದೊಳಗೆ ಹರಿಹರ ದಾಟಿತು. ಸಾವಾದ ಮನೆಯವರು ಫೋಟೋದವರನ್ನು ಕರೆಯುವುದು ಬಿಟ್ಟು ಪರದೆಯನ್ನು ಕರೆಯತೊಡಗಿದರು: ಕೈಲಾಸ ಐತಲ್ಲ, ಅದನ್ನ ತರ್ರಿ. ಬಸ್ಸಿನ ಮೇಲೆ ಸುತ್ತಿಟ್ಟ ಕೈಲಾಸವನ್ನು ಹಾಕಿಕೊಂಡು ನಾನು ಊರೂರು ತಿರುಗಿದೆ. ಸತ್ತವರ ಮಕ್ಕಳು ಅಪ್ಪನ ಪಕ್ಕದಲ್ಲಿ ಬಸವಣ್ಣ ಪೂರ್ತಿ ಕಾಣಬೇಕೆಂದು ಜಗಳವಾಡುವರು. ಬದುಕಿದ್ದಾಗ ಆ ಅಪ್ಪ ಪಕ್ಕದಲ್ಲಿ ಕೂತರೆ ಎದ್ದುಹೋಗುತ್ತಿದ್ದ ಮಕ್ಕಳೇ. ಸಂಗಪ್ಪನವರ ಮುಖ ಅರಳಿತು. ಬದುಕಿದವರು ಮುಖ ಕಪ್ಪಾಗಿದೆ ಎನ್ನುತ್ತಾರೆ, ಮೂಗು ದಪ್ಪಾಗಿದೆ ಎನ್ನುತ್ತಾರೆ, ಸತ್ತವರಲ್ಲಿ ಅಂಥ ಸಣ್ಣ ಬುದ್ಧಿ ಇಲ್ಲ ಎಂದು ಬಾಯಿ ತುಂಬ ಹೊಗಳುವರು.

ಆದರೆ ಒಂದು ಮಾತು ಅವರಿಗೆ ಹೊಳೆದಿರಲಿಲ್ಲ. ಸತ್ತವರು ಹೋಗಿ ಕೂರುವ ಜಾಗದಲ್ಲಿ ಬದುಕಿದವರು ಯಾಕೆ ಕೂತಾರು? ದಾವಣಗೆರೆಯ ಜನ ಸ್ಟುಡಿಯೋ ಬಾಗಿಲಿಗೆ ಬಂದು, ಒಳಗೆ ಪರದೆ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಹಿಂದೆ ಸರಿಯತೊಡಗಿದರು. ಊರಲ್ಲೇ ಮನೆ ಇದ್ದವರಿಗೆ ಯಾವ ಬಸ್ಸೋ. ಸತ್ತವರಿಗೆ ಬಸವಣ್ಣನಾದ ಪ್ರಾಣಿ ಬದುಕಿದವರ ಕಣ್ಣಿಗೆ ಯಮನ ಕೋಣವಾಗಿ ಕಾಣತೊಡಗಿತು. ನಾನು ಬೇರೆ ಪರದೆ ಬರೆದುಕೊಡುತ್ತೇನೆ ಎಂದೆ. ಇದ್ದದ್ದು ಹರಿಯಲಿ ಎಂದರು ಸಂಗಪ್ಪನವರು.

ಹೀಗಿರುವಾಗ ಭಾನುವಳ್ಳಿಯ ಹಾಲಪ್ಪ ಎಂಬ ರೈತರು ಮಗಳು ಶಾಂತಾಳನ್ನು ಕರೆದುಕೊಂಡು ಬಂದರು. ದಾವಣಗೆರೆಯ ಒಂದು ಮನೆಗೆ ಹುಡುಗಿಯ ಫೋಟೋ ಕಳಿಸಬೇಕಿತ್ತು. ತಾಯಿ ಇಲ್ಲದ ಹುಡುಗಿ, ಒಬ್ಬಳೇ ಮಗಳು. ಹುಡುಗ ಓದಿದವನು, ಯಾವುದೋ ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿಕೊಂಡಿದ್ದರಂತೆ. ಹಿರಿಯರ ಒಪ್ಪಿಗೆಯೊಂದು ಬಾಕಿ. ಹಾಲಪ್ಪನವರು ಇದನ್ನೆಲ್ಲ ನನಗೆ ಹೇಳಬೇಕಾಗಿರಲಿಲ್ಲ. ಸಂತೋಷ ತಡೆಯಲಾರದೆ ಹೇಳಿದರು. ನಾನು ಮಾಲೀಕರ ಕಿವಿಯಲ್ಲಿ ಈ ಪರದೆ ಬೇಡ ಎಂದೆ. ಹಳ್ಳಿಯವರಿಗೆ ಏನು ಗೊತ್ತಾಗುತ್ತದೆ ಎಂದು ಅವರು ಕರಿಬಟ್ಟೆಯೊಳಗೆ ಹೋದರು. ಹಳ್ಳಿಯವರಿಗೆ ಗೊತ್ತಾಗಲಿಲ್ಲ ನಿಜ. ಆದರೆ ಆ ಫೋಟೋ ಹೋಗಿದ್ದು ಗೌರಮ್ಮಜ್ಜಿಯ ಮನೆಗೆ. ಹುಡುಗ ಅವರ ಮೊಮ್ಮಗ.

ಹದಿನೈದು ದಿನದ ಮೇಲೆ ಹಾಲಪ್ಪನವರು ಒಬ್ಬರೇ ಬಂದರು. ಫೋಟೋ ವಾಪಸು ಬಂದಿತ್ತು. ಹುಡುಗನ ತಂದೆ ಮರುಳಸಿದ್ದಪ್ಪನವರು ಅದನ್ನು ಗೋಡೆಯ ಮೇಲಿದ್ದ ತಮ್ಮ ತಂದೆಯ ಫೋಟೋದ ಪಕ್ಕ ಹಿಡಿದು ನೋಡಿದ್ದರು. ಅದೇ ಬೆಟ್ಟ, ಅದೇ ನೀರು, ಅದೇ ಕೋಣ. ಅಪ್ಪ ಕೂತ ಜಾಗದಲ್ಲಿ ಹುಡುಗಿ ಕೂತಿದ್ದಳು. ಆ ಮನೆಯವರು ಹುಡುಗಿ ಬೇಡ ಎಂದದ್ದು ಭಾನುವಳ್ಳಿಯ ತನಕ ತಿಳಿದುಹೋಗಿತ್ತು. ಇನ್ನು ಯಾವ ಮನೆಯವರೂ ಹುಡುಗಿಯನ್ನು ನೋಡಲು ಬರುವುದಿಲ್ಲ, ಕೈಲಾಸಕ್ಕೆ ಹೋಗಿ ಬಂದವಳು ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದರು, ಹುಡುಗಿ ಊಟ ಬಿಟ್ಟಿದ್ದಳು.

ಹಾಲಪ್ಪನವರು ಬೈಯುತ್ತಾರೆಂದು ಸಂಗಪ್ಪನವರು ತಯಾರಾಗಿ ನಿಂತಿದ್ದರು. ಆ ಮನುಷ್ಯ ಬೈಯಲಿಲ್ಲ. ಪರದೆಯ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಇದು ಎಲ್ಲೈತೆ ಅಷ್ಟು ಹೇಳ್ರಿ ಸಾಕು. ಭೂಮಿ ಮ್ಯಾಲೆ ಐತೋ ಇಲ್ಲೋ," ಎಂದರು.

ಟಚಿಂಗ್ ಮಾಡಿ ಬೆಟ್ಟ ಅಳಿಸಿಬಿಡು ಎಂದರು ಮಾಲೀಕರು. ನೆಗೆಟಿವ್ ಮೇಲೆ ಮೊಡವೆ ಅಳಿಸಬಹುದು, ಹಿಮಾಲಯ ಅಳಿಸಲಾಗದು. ಅಳಿಸಿದರೂ ನೋಡಿದವರ ಕಣ್ಣಿನಿಂದ ಅಳಿಸುವುದು ಹೇಗೆ? ನಾನು ಪುಸ್ತಕ ತೆಗೆದು, ಆ ಹಾಳೆ ಬಿಡಿಸಿ, ಹಾಲಪ್ಪನವರ ಮುಂದೆ ಇಟ್ಟೆ. ಇದು ಭೂಮಿಯ ಮೇಲೇ ಇದೆ, ಅಮೆರಿಕದಲ್ಲಿ ಎಂದೆ. ಅವರು ಅದನ್ನು ಮುಟ್ಟಿ, ಹಣೆಗೆ ಒತ್ತಿಕೊಂಡರು. ಸಂಗಪ್ಪನವರ ಮುಖ ಬಿಳಿಚಿತು. ಕೈಲಾಸ ಅಮೆರಿಕದಲ್ಲಿದೆ ಎಂದು ಊರಿಗೆ ಗೊತ್ತಾದರೆ ಸತ್ತವರೂ ನಮ್ಮ ಕಡೆ ಬರುವುದಿಲ್ಲವಲ್ಲ. ಆದರೂ ಮೇಷ್ಟ್ರನ್ನು ಕರೆದುಕೊಂಡು ನಾವು ನಾಲ್ಕೂ ಜನ ಹೊರಟೆವು. ಮಾಲೀಕರು ಬಂದದ್ದು ಧರ್ಮ ಕಾಯಲಿಕ್ಕೆ ಎಂದು ಅವರೇ ಆಮೇಲೆ ಹೇಳಿಕೊಂಡರು.

ಗೌರಮ್ಮಜ್ಜಿಯ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಇಕ್ಕಟ್ಟು ಗೊತ್ತಾಯಿತು. ಹುಡುಗಿಯನ್ನು ಉಳಿಸಬೇಕಾದರೆ ಇದು ಕೈಲಾಸವಲ್ಲ ಎಂದು ತೋರಿಸಬೇಕು. ತೋರಿಸಿದರೆ ಅಜ್ಜಿಯ ಗಂಡ ಹೋಗಿ ಕೂತದ್ದೆಲ್ಲಿ? ಎರಡು ವರ್ಷದಿಂದ ಆಕೆ ದಿನಾ ದೀಪ ಹಚ್ಚುತ್ತಿದ್ದದ್ದು ಆ ಫೋಟೋದ ಮುಂದೆ.

ಪಡಸಾಲೆಯಲ್ಲಿ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ಮರುಳಸಿದ್ದಪ್ಪನವರು ನಮ್ಮನ್ನು ಕೂಡ್ರಿ ಎಂದರು, ಆದರೆ ಮಾತಿಗೆ ಜಾಗ ಕೊಡಲಿಲ್ಲ. ಹುಡುಗಿಯ ಮೇಲೆ ತಮಗೇನೂ ಇಲ್ಲ, ಅಪ್ಪಾಜಿ ಹೋಗಿ ಕೂತ ಜಾಗದಲ್ಲಿ ಕೂತವಳನ್ನು ಮನೆ ತುಂಬಿಸಿಕೊಂಡರೆ ನಾಳೆ ಮನೆಯಲ್ಲಿ ಒಂದು ತಲೆನೋವು ಬಂದರೂ ಜನ ಅವಳ ಮುಖವನ್ನೇ ನೋಡುತ್ತಾರೆ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಪುಸ್ತಕ ಬಿಡಿಸಿ ಪಾಠ ಶುರುಮಾಡಿಬಿಟ್ಟರು: ಅಮೆರಿಕ, ಕಳೆದ ಶತಮಾನ, ಚಿತ್ರಗಾರರು, ಬೆಳಕು, ನೆರಳು. ಹಾಲಪ್ಪನವರು ಒಂದೊಂದು ಮಾತಿಗೂ ತಲೆ ಆಡಿಸುತ್ತಿದ್ದರು. ಸಂಗಪ್ಪನವರು ಮಾತ್ರ ಚಾವಣಿ ನೋಡುತ್ತಿದ್ದರು.

ಅಜ್ಜಿ ಪುಸ್ತಕವನ್ನು ಹತ್ತಿರ ತರಿಸಿಕೊಂಡರು. ಗೋಡೆಯ ಫೋಟೋ ನೋಡಿದರು, ಪುಸ್ತಕ ನೋಡಿದರು. ಅದೇ ಬೆಟ್ಟ. ಮುಂದೆ ಯಾರೂ ಇಲ್ಲ. ಅವರ ಮುಖ ನೋಡಲಾಗದೆ ನಾನು ನೆಲ ನೋಡಿದೆ.

"ಈ ಜಾಗದಾಗೆ ಮನುಷ್ಯಾರು ಇದ್ದಿಲ್ಲೇನು?" ಎಂದು ಮೇಷ್ಟ್ರನ್ನು ಕೇಳಿದರು.

"ಇದ್ದರು ಅಮ್ಮಾ. ಅಲ್ಲಿಯವರನ್ನ ಓಡಿಸಿದರು. ಚಿತ್ರದಲ್ಲಿ ಅವರನ್ನ ಬರೀಲೇ ಇಲ್ಲ."

ಅಜ್ಜಿ ಕಾಡುಕೋಣದ ಮೇಲೆ ಬೆರಳಿಟ್ಟರು. "ಮತ್ತೆ ಇವನು? ಈಗ ಅದಾನೇನು ಅಲ್ಲಿ?"

ಮೇಷ್ಟ್ರು ಪ್ರಾಮಾಣಿಕರು. ಸುಳ್ಳು ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. "ಲೆಕ್ಕವಿಲ್ಲದಷ್ಟು ಇದ್ದವು. ರೈಲಿನಲ್ಲಿ ಕೂತು ಕಿಟಕಿಯಿಂದಲೇ ಗುಂಡು ಹೊಡೀತಿದ್ದರಂತೆ. ಇಂಥ ಚಿತ್ರ ಬರೆಯೋ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮುಗಿಸಿದ್ದರು. ಎಲ್ಲೋ ಒಂದಿಷ್ಟು ಉಳಿದವು," ಎಂದರು.

ಅಜ್ಜಿ ಆ ಪ್ರಾಣಿಯ ಡುಬ್ಬವನ್ನು ಮೆಲ್ಲಗೆ ಸವರಿದರು.

"ಅಷ್ಟು ಜೀವ ಸತ್ತು ಎಲ್ಲಿಗೆ ಹೋದ್ವು? ಅಲ್ಲೇ ನಿಂತಾವಲ್ಲ, ನಮ್ಮ ಯಜಮಾನರ ಪಕ್ಕದಾಗೆ. ನೀವು ಅಮೆರಿಕ ಅನ್ರಿ, ಬ್ಯಾಡ ಅನ್ನಲ್ಲ. ನಾನು ಕೈಲಾಸ ಅಂತೀನಿ," ಎಂದರು.

ಮೇಷ್ಟ್ರು ಪುಸ್ತಕ ಮುಚ್ಚಿದರು. ಸಂಗಪ್ಪನವರಿಗೆ ಹೋದ ಜೀವ ಬಂದಿತ್ತು. ಕೈ ಮುಗಿದೇ ಬಿಟ್ಟರು. ಅಂಥ ಹೊತ್ತಿನಲ್ಲೂ ಅವರ ಮುಖದಲ್ಲಿ ಮುಂದಿನ ಸಾವುಗಳ ಸಂತೋಷ ಕಾಣುತ್ತಿತ್ತು. ಹಾಲಪ್ಪನವರು ಮಾತ್ರ ಮೆಲ್ಲಗೆ ಎದ್ದು ಹೆಗಲ ಟವೆಲ್ಲು ಕೊಡವಿದರು. ಕೈಲಾಸ ಕೈಲಾಸವಾಗಿಯೇ ಉಳಿದ ಮೇಲೆ ಅವರ ಮಗಳಿಗೆ ಉಳಿದದ್ದೇನು? ಬರ್ತೀನಿ ಅವ್ವಾರೆ ಎಂದು ಅವರು ಹೊರಡುವಾಗ ನನಗೆ ಅಲ್ಲೇ ಪುಸ್ತಕ ಎತ್ತಿ ಮೇಷ್ಟ್ರ ತಲೆಗೆ ಹಾಕಬೇಕೆನ್ನಿಸಿತು.

"ಕೂಡ್ರಿ. ಯಾರು ಹೋಗು ಅಂದ್ರು ನಿಮ್ಮನ್ನ?" ಎಂದರು ಅಜ್ಜಿ. ಹುಡುಗಿಯ ಫೋಟೋ ಕೊಡಿ ಎಂದು ಕೈ ಚಾಚಿದರು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗನನ್ನು ಹತ್ತಿರ ಕರೆದರು.

"ನಿಮ್ಮಪ್ಪ ಇದ್ದಿದ್ರೆ ಹೆಣ್ಣು ನೋಡಾಕೆ ಅವರೇ ಹೋಗಾರು. ಮೊಮ್ಮಗನ ಲಗ್ನ ನೋಡದ ಹೋದೆ ಅಂತ ಕಡೀಗಳಿಗೇಲಿ ಎಷ್ಟು ಒದ್ದಾಡಿದ್ರು, ನೀನು ಪಕ್ಕದಾಗೇ ಇದ್ದಿ. ಈಗ ನೋಡು. ಹುಡುಗಿ ಅಲ್ಲೀಗಂಟ ಹೋಗಿ, ಅವರ ಮುಂದೆ ಕುಂತು, ಎದ್ದು ಬಂದಾಳೆ. ಅವರು ನೋಡಿ ಆತು. ಅವರು ಒಪ್ಪದಿದ್ರೆ ವಾಪಸ್ ಕಳಿಸ್ತಿದ್ರೇನು? ಇನ್ನ ನೀನ್ಯಾರೋ, ನಾನ್ಯಾರು, ಬ್ಯಾಡ ಅನ್ನಾಕೆ?"

ಮರುಳಸಿದ್ದಪ್ಪನವರು ದೊಡ್ಡ ವ್ಯಾಪಾರಸ್ಥರು. ಅರಳೆಯ ಮಾತಾಗಿದ್ದರೆ ಚೌಕಾಸಿ ಮಾಡುತ್ತಿದ್ದರು. ತಾಯಿಯ ಮುಖ ನೋಡಿದರು, ಗೋಡೆಯ ಮೇಲಿನ ತಂದೆಯನ್ನು ನೋಡಿದರು, ಆಮೇಲೆ ಶಲ್ಯದಿಂದ ಕಣ್ಣು ಒರೆಸಿಕೊಂಡರು. ಹಾಲಪ್ಪನವರು ಎದ್ದು ನಿಂತಲ್ಲೇ ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇಕೆ. ಅಜ್ಜಿ ನಮ್ಮ ಮಾಲೀಕರ ಕಡೆ ತಿರುಗಿ ಒಂದು ಕರಾರು ಹಾಕಿದರು:

"ನಾನು ಹೋದಾಗ ಇದೇ ಪರದಿ ತರಬೇಕು ಸಂಗಪ್ಪಾರೆ. ಬ್ಯಾರೇದು ತಂದ್ರೆ ನಾನು ಕುಂದ್ರಂಗಿಲ್ಲ."

ಮದುವೆ ಆಯಿತು. ಮದುವೆಯ ಫೋಟೋ ನಾವೇ ತೆಗೆದದ್ದು, ಬಯಲಲ್ಲಿ, ಪರದೆ ಇಲ್ಲದೆ. ಅಷ್ಟು ಬುದ್ಧಿ ಮಾಲೀಕರಿಗೂ ಬಂದಿತ್ತು. ಮೇಷ್ಟ್ರು ಆಮೇಲೆ ನಮ್ಮ ಸ್ಟುಡಿಯೋಕ್ಕೆ ಬಂದಾಗಲೆಲ್ಲ ಆ ಪರದೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ತಾವು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ಯಾರೂ ಅಜ್ಜಿಯ ಹಾಗೆ, ಅಷ್ಟು ಜೀವ ಸತ್ತು ಎಲ್ಲಿಗೆ ಹೋದವು ಎಂದು ಕೇಳಿರಲಿಲ್ಲವೆಂದು ಒಮ್ಮೆ ನನ್ನ ಹತ್ತಿರ ಹೇಳಿದರು. ಅವರ ಮಟ್ಟಿಗೆ ಅದು ಬಹಳ ಕಡಿಮೆ ಮಾತು.

ಅರವತ್ತರ ದಶಕ ಬಂತು. ಗಾಜಿನ ಪ್ಲೇಟು ಹೋಗಿ ಫಿಲ್ಮು ಬಂತು. ಚಾವಣಿಯ ಗಾಜು ಮುಚ್ಚಿ ದೊಡ್ಡ ಬಲ್ಬುಗಳು ಬಂದವು; ಮೋಡ ಬಂದರೂ ಫೋಟೋ, ಚಹಾ ತಪ್ಪಿತು. ಸಂಗಪ್ಪನವರು ಬೊಂಬಾಯಿಯಿಂದ ಸಮುದ್ರ ಮತ್ತು ತೆಂಗಿನ ಮರದ ರೆಡಿಮೇಡ್ ಪರದೆ ತರಿಸಿದರು. ಬದುಕಿದವರು ತಿರುಗಿ ಬರತೊಡಗಿದರು. ಕೈಲಾಸವನ್ನು ಸುತ್ತಿ ಅಟ್ಟಕ್ಕೆ ಹಾಕಿದೆವು. ಸಾವಿನ ಮನೆಗಳಿಗೂ ಹೊಸ ಕಾಲ ಬಂದಿತ್ತು; ಹೊಸ ಮನೆಗಳಲ್ಲಿ ಗೋಡೆಗೆ ಒಳ್ಳೆಯ ಬಣ್ಣ ಇರುತ್ತಿತ್ತು. ಮಾಲೀಕರಿಗೆ ವಯಸ್ಸಾಗಿ ಕ್ಯಾಮೆರಾ ನನ್ನ ಕೈಗೆ ಬಂತು.

ಗೌರಮ್ಮಜ್ಜಿ ತೀರಿಕೊಂಡ ಸುದ್ದಿ ಬಂದಾಗ ಅಟ್ಟ ಹತ್ತಿದೆ. ಇಲಿಗಳು ಎಡಭಾಗವನ್ನು ತಿಂದು ಮುಗಿಸಿದ್ದವು. ಕಡವೆ ಕೊಂಬು ಸಮೇತ ಹೋಗಿತ್ತು. ಉಳಿದ ಕಡೆ ಬಣ್ಣ ಉದುರಿ, ಪೊದೆಯೊಳಗಿಂದ ಕರಡಿ ಅರ್ಧ ಹೊರಗೆ ಬಂದಿತ್ತು. ಹಿಮದ ಬೆಟ್ಟ ಇತ್ತು. ಕಾಡುಕೋಣ ನಿಂತಲ್ಲೇ ಇತ್ತು. ಇಂಥ ಚಿಂದಿಯನ್ನು ದೊಡ್ಡವರ ಮನೆಗೆ ಹೊತ್ತೊಯ್ದರೆ ಮರ್ಯಾದೆ ಹೋಗುತ್ತದೆ ಎಂದರು ಸಂಗಪ್ಪನವರು. ಅವರ ಮರ್ಯಾದೆಯ ಚಿಂತೆ ಅವರಿಗಿರಲಿ ಎಂದು ಹೊತ್ತುಕೊಂಡು ಹೋದೆ.

ಅಜ್ಜಿಯನ್ನು ಅದೇ ಪಡಸಾಲೆಯಲ್ಲಿ ಕೂಡಿಸಿದ್ದರು. ವಿಭೂತಿ, ಹಾರ, ಮುಚ್ಚಿದ ಕಣ್ಣು. ನಾನು ಹರಿದ ಅಂಚನ್ನು ಒಳಕ್ಕೆ ಮಡಚಿ, ಮೊಳೆ ಹೊಡೆದು ಪರದೆ ಕಟ್ಟಿದೆ. ಮರುಳಸಿದ್ದಪ್ಪನವರು, ಕ್ಯಾಮೆರಾ ಕಡೆಯಿಂದ ನೋಡಿದರೆ, ತಾಯಿಯ ಬಲಕ್ಕೆ ಕೂತರು. ಮನೆಯವರೆಲ್ಲ ಸುತ್ತ ಕೂತರು. ಕರಿಬಟ್ಟೆಯೊಳಗೆ ತಲೆ ಹಾಕಬೇಕೆನ್ನುವಾಗ ಶಾಂತಾ ಮಗುವನ್ನು ಯಾರದೋ ಕೈಗೆ ಕೊಟ್ಟು ಎದ್ದು ಬಂದಳು. ಅತ್ತು ಅತ್ತು ಮುಖ ಊದಿತ್ತು. ಪರದೆಯನ್ನೂ ಅಜ್ಜಿಯನ್ನೂ ನೋಡಿ, ನನ್ನ ಹತ್ತಿರ ಬಂದು ಸಣ್ಣಗೆ ಹೇಳಿದಳು.

"ಮಾವಾರು ಅಡ್ಡ ಆಗ್ಯಾರೆ. ಬಸವಣ್ಣ ಕಾಣಲ್ಲ. ಅಜ್ಜಿ ಒಬ್ಬರೇ ಆಗ್ತಾರೆ."

ನಾನು ಆವತ್ತಿನವರೆಗೆ ಆ ಪ್ರಾಣಿಯನ್ನು ಬೇರೆ ಬೇರೆ ಹೆಸರಿನಿಂದ ಕರೆದಿದ್ದೆ, ಹೆಚ್ಚಾಗಿ ನಗಲಿಕ್ಕೆ. ನಾನೇ ಸರೇಸು ಕುದಿಸಿ ಬರೆದದ್ದು ಅದು. ಎಷ್ಟು ಬೂದಿ, ಎಷ್ಟು ಕಪ್ಪು ಎಂದು ನನಗೆ ಗೊತ್ತು. ಸುತ್ತಿಗೆ ತೆಗೆದುಕೊಂಡು ಹೋಗಿ ಮೊಳೆ ಕಿತ್ತೆ. ಬಸವಣ್ಣನನ್ನು ಅಜ್ಜಿಯ ಪಕ್ಕಕ್ಕೆ ಎಳೆದು ತಂದು ಕಟ್ಟಿದೆ.